ಎನ್‌ಎಂಎಂಎಸ್: ಎಂಟನೇ ತರಗತಿಯ ಪರೀಕ್ಷೆಯಿಂದ ಮಗುವಿನ ಬ್ಯಾಂಕ್ ಖಾತೆಯವರೆಗೆ

ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಗುವೊಂದು ಒಂದೇ ದಿನ ಎರಡು ಪತ್ರಿಕೆ ಬರೆದು, ಮುಂದಿನ ನಾಲ್ಕು ವರ್ಷಗಳ ಓದಿಗೆ ಒಟ್ಟು 48,000 ರೂಪಾಯಿ ವಿದ್ಯಾರ್ಥಿವೇತನ ಪಡೆಯುವ ಅವಕಾಶ ನಮ್ಮಲ್ಲಿದೆ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಈ ಯೋಜನೆಯ ಪೂರ್ಣ ಹೆಸರು ‘ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್’; ಇದನ್ನು ಶಾಲೆಗಳಲ್ಲಿ ಎಲ್ಲರೂ ಎನ್‌ಎಂಎಂಎಸ್ ಎಂದೇ ಕರೆಯುತ್ತಾರೆ. ಕಡಿಮೆ ಆದಾಯದ ಮನೆಗಳ ಜಾಣ ಮಕ್ಕಳು ಎಂಟನೇ ತರಗತಿಗೆ ಶಾಲೆ ಬಿಡದೆ, ದ್ವಿತೀಯ ಪಿಯುಸಿವರೆಗಾದರೂ ಓದಲಿ ಎಂಬುದು ಇದರ ಉದ್ದೇಶ. ಮೊದಲು ತಿಂಗಳಿಗೆ 500 ರೂಪಾಯಿಯಂತೆ ವರ್ಷಕ್ಕೆ 6,000 ಇದ್ದದ್ದು, 2017ರ ಏಪ್ರಿಲ್‌ನಿಂದ ವರ್ಷಕ್ಕೆ 12,000 ಆಗಿದೆ. ಇಡೀ ದೇಶಕ್ಕೆ ಪ್ರತಿವರ್ಷ ಒಂದು ಲಕ್ಷ ಹೊಸ ವಿದ್ಯಾರ್ಥಿವೇತನಗಳಿದ್ದು, ಅದರಲ್ಲಿ ಕರ್ನಾಟಕದ ಪಾಲು 5,534.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹಲವು ವರ್ಷಗಳಿಂದ ಈ ಪರೀಕ್ಷೆಗೆ ಮಕ್ಕಳನ್ನು ಸಿದ್ಧಪಡಿಸುತ್ತಾ ಬಂದಿದ್ದೇನೆ. ಈ ಅನುಭವದಿಂದ ನನಗೆ ಮನದಟ್ಟಾಗಿರುವ ಸಂಗತಿಯೆಂದರೆ, ಮಕ್ಕಳು ಈ ಹಣವನ್ನು ಕಳೆದುಕೊಳ್ಳುವುದು ಪರೀಕ್ಷಾ ಕೊಠಡಿಯಲ್ಲಿ ಮಾತ್ರವಲ್ಲ. ಪರೀಕ್ಷೆಗೆ ಮೊದಲು ಅರ್ಜಿಯ ಹಂತದಲ್ಲಿ, ಪರೀಕ್ಷೆಯಾದ ಮೇಲೆ ನೋಂದಣಿ, ನವೀಕರಣ ಮತ್ತು ಬ್ಯಾಂಕ್ ಖಾತೆಯ ಹಂತಗಳಲ್ಲಿ ಕಳೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ಓದಿನ ತಯಾರಿಯಷ್ಟೇ ಎಚ್ಚರದಿಂದ ಕಾಗದಪತ್ರಗಳ ತಯಾರಿಯನ್ನೂ ಮಾಡಬೇಕೆಂದು ಪೋಷಕರಲ್ಲಿ ಮತ್ತು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತಾ, ಎರಡನ್ನೂ ಇಲ್ಲಿ ವಿವರಿಸುತ್ತೇನೆ.

ಯಾರು ಬರೆಯಬಹುದು

ಮಗು ಸರ್ಕಾರಿ, ಅನುದಾನಿತ ಅಥವಾ ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಎಂಟನೇ ತರಗತಿ ಓದುತ್ತಿರಬೇಕು. ಏಳನೇ ತರಗತಿಯಲ್ಲಿ ಕನಿಷ್ಠ ಶೇ. 55 ಅಂಕ ಅಥವಾ ಅದಕ್ಕೆ ಸಮನಾದ ಶ್ರೇಣಿ ಇರಬೇಕು; ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಮಕ್ಕಳಿಗೆ ಶೇ. 50 ಸಾಕು. ತಂದೆ ತಾಯಿಯ ಎಲ್ಲ ಮೂಲಗಳ ಆದಾಯ ಸೇರಿ ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಮೀರಬಾರದು. ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳ ಮಕ್ಕಳಿಗೂ, ಊಟ ವಸತಿಯನ್ನು ಸರ್ಕಾರವೇ ಕೊಡುವ ವಸತಿ ಶಾಲೆಗಳ ಮಕ್ಕಳಿಗೂ, ಅನುದಾನರಹಿತ ಖಾಸಗಿ ಶಾಲೆಗಳ ಮಕ್ಕಳಿಗೂ ಇದು ಅನ್ವಯಿಸುವುದಿಲ್ಲ. ಹತ್ತನೇ ತರಗತಿಯವರಿಗಾಗಿ ಇದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ, ಅಂದರೆ ಎನ್‌ಟಿಎಸ್‌ಇ, 2021ರ ಬಳಿಕ ಸ್ಥಗಿತಗೊಂಡಿರುವುದರಿಂದ ಸರ್ಕಾರಿ ಶಾಲೆಯ ಮಗುವಿಗೆ ಎಂಟನೇ ತರಗತಿಯ ಈ ಅವಕಾಶದ ಬೆಲೆ ಇನ್ನಷ್ಟು ಹೆಚ್ಚಿದೆ. ಒಂಬತ್ತನೇ ತರಗತಿಗೆ ಹೋದ ಮೇಲೆ ಬರೆಯುತ್ತೇನೆಂದರೆ ಆಗುವುದಿಲ್ಲ.

ಅರ್ಜಿಯನ್ನು ಮಗುವಾಗಲಿ ಪೋಷಕರಾಗಲಿ ಸೈಬರ್ ಅಂಗಡಿಗೆ ಹೋಗಿ ಹಾಕುವುದಲ್ಲ. ಶಾಲೆಯ ಮುಖ್ಯ ಶಿಕ್ಷಕರ ಲಾಗಿನ್ ಮೂಲಕವೇ ಅದು ಹೋಗಬೇಕು. ಮಗುವಿನ ಹೆಸರು, ಹುಟ್ಟಿದ ದಿನಾಂಕ, ಜಾತಿ ವರ್ಗ ಇವೆಲ್ಲ ಎಸ್‌ಎಟಿಎಸ್ ದಾಖಲೆಯಿಂದಲೇ, ಅಂದರೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಯ ವಿವರ ಇಟ್ಟಿರುವ ಆನ್‌ಲೈನ್ ದಾಖಲೆಯಿಂದಲೇ, ಬರುತ್ತವೆ. ತೊಡಕು ಶುರುವಾಗುವುದೂ ಅಲ್ಲಿಂದಲೇ. ಏಳನೇ ತರಗತಿಯನ್ನು ಊರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಗಿಸಿ ಎಂಟಕ್ಕೆ ಪಕ್ಕದ ಊರಿನ ಪ್ರೌಢಶಾಲೆಗೆ ಸೇರಿದ ಮಗುವಿನ ಎಸ್‌ಎಟಿಎಸ್ ದಾಖಲೆ ಹಳೆಯ ಶಾಲೆಯಲ್ಲೇ ಉಳಿದಿದ್ದರೆ, ಹೊಸ ಶಾಲೆಯ ಮುಖ್ಯ ಶಿಕ್ಷಕರು ಎಷ್ಟೇ ಮನಸ್ಸು ಮಾಡಿದರೂ ಅರ್ಜಿ ಹಾಕಲು ಬರುವುದಿಲ್ಲ. ಟಿ.ಸಿ. ಕಾಗದ ಕೈಗೆ ಬಂದ ಮಾತ್ರಕ್ಕೆ ಈ ಕೆಲಸ ಮುಗಿದಿರುವುದಿಲ್ಲ. ಜುಲೈ ಕಳೆಯುವುದರೊಳಗೆ ಶಾಲೆಗೆ ಒಮ್ಮೆ ಹೋಗಿ, ‘ನನ್ನ ಮಗನ ದಾಖಲೆ ನಿಮ್ಮ ಶಾಲೆಯ ಎಸ್‌ಎಟಿಎಸ್‌ನಲ್ಲಿ ಕಾಣಿಸುತ್ತಿದೆಯೇ ಸರ್?’ ಎಂದು ಕೇಳಿ ನೋಡಿ.

ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಡಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗದವರು ಜಾತಿ ಪ್ರಮಾಣಪತ್ರವನ್ನೂ ಮಾಡಿಸಬೇಕು. ಈ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆಯೇ ಮುಂದೆ ಎಲ್ಲ ಕಡೆ ಬೇಕಾಗುವುದರಿಂದ, ಪ್ರಮಾಣಪತ್ರದ ಜೆರಾಕ್ಸ್ ಮನೆಯಲ್ಲಿರಲಿ, ಸಂಖ್ಯೆ ಫೋನಿನಲ್ಲಿರಲಿ. ಹಳೆಯ ಪ್ರಮಾಣಪತ್ರವಿದ್ದರೆ ಅದರ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಿ. ಅರ್ಜಿಯ ಕೊನೆಯ ವಾರದಲ್ಲಿ ನಾಡಕಚೇರಿಯ ಮುಂದೆ ಸಾಲಿನಲ್ಲಿ ನಿಂತು ಒಂದು ದಿನದ ಕೂಲಿ ಕಳೆದುಕೊಳ್ಳುವ ತಾಯಂದಿರನ್ನು ನಾನು ಪ್ರತಿವರ್ಷ ನೋಡುತ್ತೇನೆ. ಜೂನ್ ತಿಂಗಳಲ್ಲೇ ಮಾಡಿಸಿದ್ದರೆ ಆ ಅಲೆದಾಟ ತಪ್ಪುತ್ತಿತ್ತಲ್ಲ ಎಂದು ಪ್ರತಿಸಲವೂ ಸಂಕಟವಾಗುತ್ತದೆ.

ಎಷ್ಟು ಅಂಕ ಬೇಕು

ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಮೊದಲನೆಯದು ಬೌದ್ಧಿಕ ಸಾಮರ್ಥ್ಯ ಪರೀಕ್ಷೆ. ಇದನ್ನು ಮ್ಯಾಟ್ ಎನ್ನುತ್ತಾರೆ. ಎರಡನೆಯದು ವ್ಯಾಸಂಗಿಕ ಪ್ರವೃತ್ತಿ ಪರೀಕ್ಷೆ, ಇದು ಸ್ಯಾಟ್. ಪ್ರತಿಯೊಂದರಲ್ಲಿಯೂ 90 ಪ್ರಶ್ನೆ, 90 ನಿಮಿಷ, ಪ್ರಶ್ನೆಗೆ ಒಂದು ಅಂಕ, ನಾಲ್ಕು ಆಯ್ಕೆ, ಉತ್ತರವನ್ನು ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರ ಓದುವ ಉತ್ತರ ಹಾಳೆಯಲ್ಲಿ, ವೃತ್ತಗಳನ್ನು ಪೆನ್ನಿನಿಂದ ತುಂಬಿ ಗುರುತಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ಇದನ್ನು ಈಚಿನ ವರ್ಷಗಳಲ್ಲಿ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತಿದ್ದು, ಸಾಮಾನ್ಯವಾಗಿ ಡಿಸೆಂಬರ್ ಅಥವಾ ಜನವರಿಯ ಆಸುಪಾಸಿನ ಒಂದು ಭಾನುವಾರ ಪರೀಕ್ಷೆ ಇರುತ್ತದೆ. ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅಧಿಸೂಚನೆಯನ್ನು ನೋಡಿಯೇ ನಂಬಬೇಕು.

ಅರ್ಹತೆಗೆ ಎರಡೂ ಪತ್ರಿಕೆ ಸೇರಿ ಶೇ. 40 ಬೇಕು, ಅಂದರೆ 180ಕ್ಕೆ 72. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 32, ಅಂದರೆ 58. ಇಲ್ಲಿಯೇ ಬಹಳಷ್ಟು ಮನೆಗಳಲ್ಲಿ ತಪ್ಪು ತಿಳಿವಳಿಕೆ ಬೆಳೆಯುತ್ತದೆ. 72 ಅಂಕ ಬಂದರೆ ವಿದ್ಯಾರ್ಥಿವೇತನ ಸಿಕ್ಕಿತು ಎಂದುಕೊಂಡು ಸಿಹಿ ಹಂಚಿ, ಆಮೇಲೆ ಆಯ್ಕೆ ಪಟ್ಟಿಯಲ್ಲಿ ಹೆಸರು ಕಾಣದೆ ಮಗು ಅಳುವುದನ್ನು ಕಂಡಿದ್ದೇನೆ. ಆ 72 ಎಂಬುದು ಸಾಲಿನಲ್ಲಿ ನಿಲ್ಲಲು ಬೇಕಾದ ಟಿಕೆಟ್ ಅಷ್ಟೇ. ಸೀಟುಗಳು ಜಿಲ್ಲಾವಾರು ಹಂಚಿಕೆಯಾಗಿರುತ್ತವೆ. ಜಿಲ್ಲೆಯೊಳಗೆ ಮೀಸಲಾತಿ ವರ್ಗವಾರು ಹಂಚಿಕೆಯಾಗಿರುತ್ತವೆ. ಆ ವರ್ಗದಲ್ಲಿ ಹೆಚ್ಚು ಅಂಕ ಪಡೆದವರಿಂದ ಕೆಳಗಿಳಿಯುತ್ತಾ ಸೀಟು ಮುಗಿಯುವವರೆಗೆ ಮಾತ್ರ ಆಯ್ಕೆ ನಡೆಯುತ್ತದೆ. ಹೀಗಾಗಿ ಒಂದು ಜಿಲ್ಲೆಯಲ್ಲಿ ಆಯ್ಕೆಯಾಗುವ ಅಂಕ ಇನ್ನೊಂದು ಜಿಲ್ಲೆಯಲ್ಲಿ ಸಾಲದೆ ಹೋಗಬಹುದು. ನಾನು ನನ್ನ ಮಕ್ಕಳಿಗೆ ಅರ್ಹತಾ ಅಂಕವನ್ನು ಹೇಳುವುದೇ ಇಲ್ಲ. ಅಭ್ಯಾಸ ಪರೀಕ್ಷೆಗಳಲ್ಲಿ 180ಕ್ಕೆ 120 ದಾಟುವುದನ್ನು ಗುರಿಯಾಗಿ ಕೊಡುತ್ತೇನೆ. ಇದು ನಿಯಮವಲ್ಲ, ನನ್ನ ಅಳತೆಗೋಲು.

ಮ್ಯಾಟ್: ಅಂಗಳದಲ್ಲಿ ಕಲಿಯುವ ಪತ್ರಿಕೆ

ಸ್ಯಾಟ್ ಪತ್ರಿಕೆಗೆ ಪಠ್ಯಪುಸ್ತಕವಿದೆ, ಮ್ಯಾಟ್‌ಗೆ ಇಲ್ಲ. ಅದಕ್ಕೇ ಮಕ್ಕಳು ಹೆದರುತ್ತಾರೆ. ಸಂಖ್ಯಾಶ್ರೇಣಿ, ಗುಂಪಿಗೆ ಸೇರದ ಪದ, ಸಾದೃಶ್ಯ, ಸಂಕೇತ ಭಾಷೆ, ದಿಕ್ಕು, ರಕ್ತಸಂಬಂಧ, ಕ್ಯಾಲೆಂಡರ್, ದಾಳ, ವೆನ್ ಚಿತ್ರ, ಕನ್ನಡಿ ಬಿಂಬ, ಅಡಗಿರುವ ಆಕೃತಿ ಹೀಗೆ ಪ್ರಶ್ನೆಗಳ ಬಗೆಗಳು ಮೇಲ್ನೋಟಕ್ಕೆ ಹಲವಾರು. ಆದರೆ ಹಳೆಯ ಪತ್ರಿಕೆಗಳನ್ನು ಹರಡಿಕೊಂಡು ಕುಳಿತರೆ ಅವೇ ಬಗೆಗಳು ಮರಳಿ ಮರಳಿ ಬರುವುದು ಕಾಣಿಸುತ್ತದೆ. ವಾರಕ್ಕೊಂದು ಬಗೆಯನ್ನು ಹಿಡಿದು, ದಿನಕ್ಕೆ ಹತ್ತು ಪ್ರಶ್ನೆಗಳಂತೆ ಬಿಡಿಸಿದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಎಲ್ಲ ಬಗೆಗಳೂ ಒಮ್ಮೆ ಮುಗಿಯುತ್ತವೆ. ಉಳಿದ ಸಮಯ ಪೂರ್ಣ ಪತ್ರಿಕೆಗಳಿಗೆ ಸಿಗುತ್ತದೆ.

ಪ್ರತಿಯೊಂದು ಬಗೆಗೂ ಒಂದು ಕೀಲಿಕೈ ಇರುತ್ತದೆ. ಅದನ್ನು ಮಗು ತಾನೇ ಕಂಡುಕೊಳ್ಳುವಂತೆ ಕಲಿಸಿದರೆ ಮರೆಯುವುದಿಲ್ಲ. ದಿಕ್ಕಿನ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ‘ಸೂರ್ಯೋದಯದ ಹೊತ್ತಿನಲ್ಲಿ ರಾಜು ತನ್ನ ನೆರಳು ತನ್ನ ಎಡಕ್ಕೆ ಬಿದ್ದಿರುವುದನ್ನು ಕಂಡನು, ಅವನ ಮುಖ ಯಾವ ದಿಕ್ಕಿಗಿದೆ?’ ಎಂಬುದು ಪರೀಕ್ಷೆಯಲ್ಲಿ ಬರುವ ಮಾದರಿ. ಕೊಠಡಿಯಲ್ಲಿ ಕುಳಿತು ಬಾಣ ಬರೆದು ವಿವರಿಸಿದಾಗ ಅರ್ಧ ತರಗತಿ ದಕ್ಷಿಣ ಎಂದಿತ್ತು. ಮರುದಿನ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಎಂಟನೇ ತರಗತಿಯವರನ್ನು ಮಾತ್ರ ಅಂಗಳದಲ್ಲೇ ನಿಲ್ಲಿಸಿ, ಎಲ್ಲರೂ ನೆರಳು ಎಡಗೈ ಕಡೆಗೆ ಬರುವಂತೆ ತಿರುಗಿರಿ ಎಂದೆ. ಮೂವತ್ತು ಮಕ್ಕಳೂ ತಿರುಗಿ ನಿಂತದ್ದು ಊರಿನ ಉತ್ತರಕ್ಕಿದ್ದ ಕೆರೆಯ ಕಡೆಗೆ. ‘ಸರ್, ಕೆರೆ ಉತ್ತರಕ್ಕಲ್ವಾ!’ ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೂಗಿದಳು. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ ಬೀಳುತ್ತದೆ, ಪಶ್ಚಿಮ ಎಡಕ್ಕಿದ್ದರೆ ಮುಖ ಉತ್ತರಕ್ಕೆ ಎಂಬುದನ್ನು ಆ ಮಕ್ಕಳಿಗೆ ನಾನು ಮತ್ತೆ ಹೇಳಬೇಕಾಗಲಿಲ್ಲ. ಸಂಜೆಯ ನೆರಳಿನ ಪ್ರಶ್ನೆಯನ್ನು ಅವರೇ ತಿರುಗಿಸಿ ಬಿಡಿಸಿಕೊಂಡರು.

ಗಡಿಯಾರದ ಕನ್ನಡಿ ಬಿಂಬದ ಪ್ರಶ್ನೆಗೆ 11 ಗಂಟೆ 60 ನಿಮಿಷದಿಂದ ಕೊಟ್ಟ ಸಮಯವನ್ನು ಕಳೆಯಬೇಕು. ನಿಜವಾದ ಸಮಯ 4 ಗಂಟೆ 20 ನಿಮಿಷವಾದರೆ ಕನ್ನಡಿಯಲ್ಲಿ ಕಾಣುವುದು 7 ಗಂಟೆ 40 ನಿಮಿಷ. ಸಂಕೇತ ಭಾಷೆಯ ಪ್ರಶ್ನೆಗಳು ಕನ್ನಡ ಮಾಧ್ಯಮದ ಪತ್ರಿಕೆಯಲ್ಲಿಯೂ ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳ ಮೇಲೆಯೇ ಇರುವುದರಿಂದ, ಎ ಎಂದರೆ 1, ಝಡ್ ಎಂದರೆ 26 ಎಂಬ ಕ್ರಮಸಂಖ್ಯೆ ಬಾಯಿಪಾಠವಿರಬೇಕು. ಇ, ಜೆ, ಒ, ಟಿ, ವೈ ಎಂಬ ಐದು ಅಕ್ಷರಗಳಿಗೆ ಕ್ರಮವಾಗಿ 5, 10, 15, 20, 25 ಎಂದು ನೆನಪಿಟ್ಟುಕೊಂಡರೆ ಉಳಿದವನ್ನು ಹಿಂದೆ ಮುಂದೆ ಎಣಿಸಬಹುದು. ಅಕ್ಷರಮಾಲೆಯನ್ನು ತಿರುಗುಮುರುಗಾಗಿಸಿದ ಸಂಕೇತವಾದರೆ, ಅಕ್ಷರ ಮತ್ತು ಅದರ ಜೋಡಿಯ ಕ್ರಮಸಂಖ್ಯೆಗಳ ಮೊತ್ತ ಯಾವಾಗಲೂ 27 ಆಗುತ್ತದೆ.

ಸಂಖ್ಯಾಶ್ರೇಣಿಯಲ್ಲಿ ಅವಸರ ಮಾಡುವ ಮಕ್ಕಳೇ ಎಡವುವುದು. 4, 9, 25, 49, 121 ಆದ ಮೇಲೆ ಏನು ಎಂದರೆ, ‘ಎಲ್ಲವೂ ವರ್ಗಸಂಖ್ಯೆ, ಹನ್ನೊಂದರ ವರ್ಗದ ಮುಂದೆ ಹನ್ನೆರಡರ ವರ್ಗ’ ಎಂದು 144ಕ್ಕೆ ಗುರುತು ಹಾಕುತ್ತಾರೆ. ಪ್ರಶ್ನೆ ಮಾಡಿದವರು ಆ 144ನ್ನು ಆಯ್ಕೆಗಳಲ್ಲಿ ಬೇಕೆಂದೇ ಇಟ್ಟಿರುತ್ತಾರೆ. 2, 3, 5, 7, 11 ಎಂಬ ಅವಿಭಾಜ್ಯ ಸಂಖ್ಯೆಗಳ ವರ್ಗಗಳಿವು ಎಂದು ಗಮನಿಸಿದ ಮಗುವಿಗೆ 13ರ ವರ್ಗ 169 ಸಿಗುತ್ತದೆ. ವ್ಯತ್ಯಾಸ ನೋಡು, ಗುಣಾಕಾರ ನೋಡು, ವರ್ಗ ಘನ ನೋಡು, ಒಂದು ಬಿಟ್ಟು ಒಂದು ನೋಡು ಎಂಬ ನಾಲ್ಕು ಮೆಟ್ಟಿಲುಗಳನ್ನು ಇದೇ ಕ್ರಮದಲ್ಲಿ ರೂಢಿಸಿದರೆ, ಹೆಚ್ಚಿನ ಶ್ರೇಣಿಗಳು ಒಂದು ನಿಮಿಷದೊಳಗೆ ಬಿಚ್ಚಿಕೊಳ್ಳುತ್ತವೆ. ಕ್ಯಾಲೆಂಡರ್ ಲೆಕ್ಕವನ್ನು ಶುರು ಮಾಡಲು ನಾನು ಬಳಸುವುದು ಮಕ್ಕಳಿಗೆ ಗೊತ್ತಿರುವ ಹಬ್ಬಗಳನ್ನೇ. ಆಗಸ್ಟ್ 15ರಿಂದ ನವೆಂಬರ್ 14ಕ್ಕೆ ಸರಿಯಾಗಿ 91 ದಿನ, ಅಂದರೆ 13 ವಾರ. ಆದ್ದರಿಂದ ಸ್ವಾತಂತ್ರ್ಯ ದಿನ ಮತ್ತು ಮಕ್ಕಳ ದಿನ ಯಾವ ವರ್ಷವಾದರೂ ವಾರದ ಒಂದೇ ದಿನ ಬರುತ್ತವೆ. ಗಾಂಧಿ ಜಯಂತಿ ಮತ್ತು ಕ್ರಿಸ್ಮಸ್ ನಡುವೆ 84 ದಿನ, ಅವೂ ಹಾಗೆಯೇ. ಇದನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹುಡುಕಿ ಖಚಿತಪಡಿಸಿಕೊಂಡು ಬಂದ ಮಗು, ಏಳರಿಂದ ಭಾಗಿಸಿ ಶೇಷ ನೋಡುವ ವಿಧಾನವನ್ನು ತಾನಾಗಿಯೇ ಹಿಡಿಯುತ್ತದೆ.

ಸ್ಯಾಟ್: ಏಳನೇ ತರಗತಿಯ ಪುಸ್ತಕ ಬಿಡಬೇಡಿ

ನಮ್ಮ ರಾಜ್ಯದ ಸ್ಯಾಟ್ ಪತ್ರಿಕೆಯಲ್ಲಿ ವಿಜ್ಞಾನಕ್ಕೆ 35, ಸಮಾಜ ವಿಜ್ಞಾನಕ್ಕೆ 35, ಗಣಿತಕ್ಕೆ 20 ಪ್ರಶ್ನೆಗಳು. ಪ್ರಶ್ನೆಗಳು ಏಳು ಮತ್ತು ಎಂಟನೇ ತರಗತಿಯ ಪಠ್ಯದಿಂದ ಬರುತ್ತವೆ. ಗಣಿತದ ಮೇಷ್ಟರಾದ ನಾನೇ ಹೇಳುತ್ತೇನೆ: ಈ ಪತ್ರಿಕೆಯಲ್ಲಿ ಕಡಿಮೆ ಸಮಯಕ್ಕೆ ಹೆಚ್ಚು ಅಂಕ ಕೊಡುವುದು ಗಣಿತವಲ್ಲ, ಸಮಾಜ ವಿಜ್ಞಾನ. ಗೊತ್ತಿದ್ದರೆ ಹತ್ತು ಸೆಕೆಂಡಿನ ಉತ್ತರ. ಗೊತ್ತಿಲ್ಲದಿದ್ದರೆ ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ. ಆದ್ದರಿಂದ ತಯಾರಿಯಲ್ಲಿ ಅದಕ್ಕೆ ಹೆಚ್ಚು ದಿನ ಕೊಟ್ಟು, ಪರೀಕ್ಷೆಯಲ್ಲಿ ಅದನ್ನು ಬೇಗ ಮುಗಿಸಿ, ಉಳಿಸಿದ ನಿಮಿಷಗಳನ್ನು ಗಣಿತಕ್ಕೆ ಇಡಬೇಕು.

ಏಳನೇ ತರಗತಿಯ ಪುಸ್ತಕಗಳನ್ನು ಮಕ್ಕಳು ವರ್ಷ ಮುಗಿದ ಕೂಡಲೇ ಕಿರಿಯರಿಗೆ ಕೊಟ್ಟುಬಿಟ್ಟಿರುತ್ತಾರೆ, ಇಲ್ಲವೇ ರದ್ದಿಗೆ ಹಾಕಿರುತ್ತಾರೆ. ಹಾಗಾಗಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಗಳ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಓದುವಾಗ ಪ್ರತಿ ಪಾಠ ಮುಗಿದ ಮೇಲೆ ಮಗು ತಾನೇ ಐದು ಬಹು ಆಯ್ಕೆ ಪ್ರಶ್ನೆಗಳನ್ನು ಬರೆಯಲಿ. ತಪ್ಪು ಆಯ್ಕೆಗಳು ಮೂರನ್ನೂ ನಂಬುವಂತೆ ಇಡಲಿ. ಪಕ್ಕದ ಮಗುವಿನ ಜೊತೆ ಪ್ರಶ್ನೆಗಳನ್ನು ಅದಲು ಬದಲು ಮಾಡಿಕೊಳ್ಳಲಿ. ನಂಬುವಂಥ ತಪ್ಪು ಆಯ್ಕೆ ಬರೆಯಬೇಕಾದರೆ ಪಾಠ ಚೆನ್ನಾಗಿ ಅರ್ಥವಾಗಿರಬೇಕು; ಹಣ ಕೊಟ್ಟು ತಂದ ಗೈಡಿನಲ್ಲಿ ಉತ್ತರಕ್ಕೆ ಟಿಕ್ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

ಓಎಂಆರ್ ಹಾಳೆ

ಒಂದು ವರ್ಷ ನಮ್ಮ ಶಾಲೆಯ ಬಹಳ ಚುರುಕಾದ ಹುಡುಗನೊಬ್ಬ ಪರೀಕ್ಷೆ ಮುಗಿಸಿ ಹೊರಬಂದವನು ನೇರವಾಗಿ ನನ್ನ ಬಳಿ ಬಂದು ಮಾತಿಲ್ಲದೆ ನಿಂತ. 37ನೇ ಪ್ರಶ್ನೆ ಕಷ್ಟವೆಂದು ಬಿಟ್ಟಿದ್ದ. ಓಎಂಆರ್ ಹಾಳೆಯಲ್ಲಿ 37ನೇ ಸಾಲನ್ನು ಬಿಡಲು ಮರೆತಿದ್ದ. 38ರ ಉತ್ತರ 37ಕ್ಕೆ, 39ರದು 38ಕ್ಕೆ, ಹೀಗೆ ಕೊನೆಯ ಹಾಳೆಯವರೆಗೆ ಒಂದೊಂದು ಸಾಲು ಮೇಲೆ ಸರಿದಿತ್ತು. 90ನೇ ಸಾಲು ಖಾಲಿ ಉಳಿದಾಗಲೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಗಂಟೆ ಬಾರಿಸಿತ್ತು, ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸುವಂತೆಯೂ ಇರಲಿಲ್ಲ. ಅವನಿಗೆ ಸಾಮರ್ಥ್ಯದ ಕೊರತೆಯಿರಲಿಲ್ಲ. ಹಾಳೆ ತುಂಬುವುದನ್ನು ನಾನು ಸಾಕಷ್ಟು ಅಭ್ಯಾಸ ಮಾಡಿಸಿರಲಿಲ್ಲ. ಆ ವರ್ಷದಿಂದ ನಮ್ಮಲ್ಲಿ ಒಂದು ಅಭ್ಯಾಸ ಪರೀಕ್ಷೆಯೂ ಓಎಂಆರ್ ಇಲ್ಲದೆ ನಡೆಯುವುದಿಲ್ಲ. ಖಾಲಿ ಹಾಳೆಯ ಒಂದು ಮಾದರಿಯನ್ನು ಜೆರಾಕ್ಸ್ ಮಾಡಿಸಿದರೆ ವರ್ಷವಿಡೀ ಸಾಕಾಗುತ್ತದೆ.

ಮಕ್ಕಳಿಗೆ ನಾವು ಕಲಿಸುವ ಕ್ರಮ ಹೀಗಿದೆ. ಪ್ರಶ್ನೆಪತ್ರಿಕೆಯ ಒಂದು ಪುಟವನ್ನು ಬಿಡಿಸಿ, ಉತ್ತರವನ್ನು ಪ್ರಶ್ನೆಯ ಪಕ್ಕದಲ್ಲೇ ಗುರುತು ಮಾಡಿಕೊಂಡು, ಆ ಪುಟದ ಉತ್ತರಗಳನ್ನೆಲ್ಲ ಒಟ್ಟಿಗೆ ಓಎಂಆರ್‌ಗೆ ಇಳಿಸುವುದು. ಇಳಿಸುವಾಗ ಪ್ರಶ್ನೆಯ ಸಂಖ್ಯೆಯನ್ನು ತುಟಿಯಲ್ಲಿ ಉಚ್ಚರಿಸುವುದು. ಬಿಟ್ಟ ಪ್ರಶ್ನೆಯ ಸಂಖ್ಯೆಗೆ ಪ್ರಶ್ನೆಪತ್ರಿಕೆಯಲ್ಲಿ ದೊಡ್ಡ ಸುತ್ತು ಹಾಕುವುದು. ಎಪ್ಪತ್ತೈದನೇ ನಿಮಿಷದ ಹೊತ್ತಿಗೆ ಕೊನೆಯ ಪುಟ ತಲುಪಿರಬೇಕು. ಉಳಿದ ಹದಿನೈದು ನಿಮಿಷ ಸುತ್ತು ಹಾಕಿದ ಪ್ರಶ್ನೆಗಳಿಗೆ. ಅಂಕ ಕಳೆಯುವ ಪದ್ಧತಿ ಇಲ್ಲದಿರುವಾಗ ಯಾವ ಸಾಲನ್ನೂ ಖಾಲಿ ಬಿಡಬಾರದು. ನಾಲ್ಕರಲ್ಲಿ ಎರಡು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾದರೂ ಉಳಿದ ಎರಡರಲ್ಲಿ ಒಂದನ್ನು ತುಂಬಲೇಬೇಕು. ನೋಂದಣಿ ಸಂಖ್ಯೆಯ ವೃತ್ತಗಳನ್ನು ತುಂಬುವಾಗ ಮಾತ್ರ ಗಡಿಯಾರ ನೋಡಬೇಡ ಎನ್ನುತ್ತೇನೆ. ಬೆಳಿಗ್ಗೆಯ ಪತ್ರಿಕೆ ಕಷ್ಟವಾಯಿತೆಂದು ಊಟದ ಬಿಡುವಿನಲ್ಲಿ ಅಳುವ ಮಕ್ಕಳ ಜೊತೆ ಆ ದಿನ ಒಬ್ಬ ಶಿಕ್ಷಕರು ಇರಲೇಬೇಕು. ಎರಡೂ ಪತ್ರಿಕೆಯ ಅಂಕ ಕೂಡಿಸಿಯೇ ಪಟ್ಟಿ ಮಾಡುವುದು. ಮಧ್ಯಾಹ್ನ ಇನ್ನೂ 90 ಅಂಕ ಬಾಕಿ ಇರುತ್ತದೆ.

ಆಯ್ಕೆಯಾದ ಮೇಲೆ ಮಾಡಬೇಕಾದ ಕೆಲಸ

ಆಯ್ಕೆ ಪಟ್ಟಿಯಲ್ಲಿ ಹೆಸರು ಬಂದರೆ ಹಣ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಮಗು ಎಂಟನೇ ತರಗತಿಯಲ್ಲಿಯೂ ಶೇ. 55 ಪಡೆದು, ಪರಿಶಿಷ್ಟರಾದರೆ ಶೇ. 50 ಪಡೆದು, ಒಂಬತ್ತನೇ ತರಗತಿಗೆ ಅರ್ಹ ಶಾಲೆಯಲ್ಲೇ ಸೇರಿರಬೇಕು. ಆ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ಅಂದರೆ ಎನ್‌ಎಸ್‌ಪಿಯಲ್ಲಿ, ಮೊದಲು ಒಂದು ಬಾರಿಯ ನೋಂದಣಿ ಮಾಡಿ ಒಟಿಆರ್ ಸಂಖ್ಯೆ ಪಡೆದು, ಬಳಿಕ ಎನ್‌ಎಂಎಂಎಸ್ ಯೋಜನೆಗೆ ಹೊಸ ಅರ್ಜಿ ಸಲ್ಲಿಸಬೇಕು. ಅರ್ಜಿಯನ್ನು ಮೊದಲ ಹಂತದಲ್ಲಿ ಶಾಲೆ, ಎರಡನೇ ಹಂತದಲ್ಲಿ ಜಿಲ್ಲೆಯ ನೋಡಲ್ ಅಧಿಕಾರಿ ಪರಿಶೀಲಿಸುತ್ತಾರೆ. ಸಲ್ಲಿಸಿದ ಮೇಲೆ ಸುಮ್ಮನಿರದೆ ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ಸ್ಥಿತಿ ನೋಡಿ. ತಪ್ಪಿದೆಯೆಂದು ಅರ್ಜಿ ಹಿಂದಕ್ಕೆ ಬಂದಿದ್ದರೆ ತಿದ್ದಿ ಮತ್ತೆ ಸಲ್ಲಿಸುವ ಜವಾಬ್ದಾರಿ ವಿದ್ಯಾರ್ಥಿಯದು, ಅದೂ ಕೊನೆಯ ದಿನಾಂಕದೊಳಗೆ.

ಹೆಸರಿನ ಹೊಂದಾಣಿಕೆ ಇಲ್ಲಿಯ ದೊಡ್ಡ ತಲೆನೋವು. ಕನ್ನಡದಲ್ಲಿ ಲಕ್ಷ್ಮಿ ಎಂದು ಒಂದೇ ರೀತಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಶಾಲೆಯವರು ‘ಕೆಎಸ್‌ಎಚ್’ ಹಾಕಿ ಬರೆದಿರುತ್ತಾರೆ, ಆಧಾರ್‌ನವರು ‘ಎಕ್ಸ್’ ಹಾಕಿ ಬರೆದಿರುತ್ತಾರೆ. ಇನಿಷಿಯಲ್ ಒಂದು ಕಡೆ ಮೊದಲಿಗಿದ್ದರೆ ಇನ್ನೊಂದು ಕಡೆ ಕೊನೆಗಿರುತ್ತದೆ, ಮತ್ತೊಂದು ಕಡೆ ಇರುವುದೇ ಇಲ್ಲ. ಎಸ್‌ಎಟಿಎಸ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ಹುಟ್ಟಿದ ದಿನಾಂಕವನ್ನೂ ನೋಡಿ. ವ್ಯತ್ಯಾಸವಿದ್ದರೆ ಎಂಟನೇ ತರಗತಿಯಲ್ಲೇ ತಿದ್ದಿಸಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಮಗುವಿಗೆ 15 ತುಂಬಿದಾಗ ಆಧಾರ್‌ಗೆ ಬೆರಳಚ್ಚನ್ನು ಹೊಸದಾಗಿ ಕೊಡಿಸಬೇಕಾಗಿರುವುದನ್ನೂ ಮರೆಯಬೇಡಿ. ಆ ವಯಸ್ಸು ಬರುವುದು ಈ ವಿದ್ಯಾರ್ಥಿವೇತನದ ವರ್ಷಗಳಲ್ಲೇ.

ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಆಧಾರ್ ‘ಲಿಂಕ್’ ಆಗಿದೆ ಎಂದು ಬ್ಯಾಂಕಿನಲ್ಲಿ ಹೇಳಿದರೆ ಅಲ್ಲಿಗೆ ನಿಲ್ಲಿಸಬೇಡಿ. ಕೇಳಬೇಕಾದ ಪ್ರಶ್ನೆ ಬೇರೆ: ‘ಡಿಬಿಟಿ ಹಣ ಬರುವ ಹಾಗೆ ಎನ್‌ಪಿಸಿಐನಲ್ಲಿ ಈ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ?’ ಡಿಬಿಟಿ ಎಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ; ಎನ್‌ಪಿಸಿಐ ಎಂದರೆ ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ರಾಷ್ಟ್ರೀಯ ಪಾವತಿ ನಿಗಮ. ಸರ್ಕಾರದ ಹಣ ಹೋಗುವುದು ಎನ್‌ಪಿಸಿಐ ಪಟ್ಟಿಯಲ್ಲಿ ಆ ಆಧಾರ್ ಸಂಖ್ಯೆಗೆ ಜೋಡಿಸಿರುವ ಖಾತೆಗೆ. ಆ ಜೋಡಣೆ ಆಗಿರದಿದ್ದರೆ ಹಣ ಬರುವುದಿಲ್ಲ. ಬೇರೆ ಬ್ಯಾಂಕಿನಲ್ಲಿ ನಂತರ ತೆರೆದ ಖಾತೆಗೆ ಜೋಡಣೆಯಾಗಿದ್ದರೆ ಹಣ ಅಲ್ಲಿಗೆ ಹೋಗಿರುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ಒಂದು ವರ್ಷ ಪೂರ್ತಿ ಹಣ ಬಂದಿಲ್ಲವೆಂದು ಕೊರಗಿ, ಕೊನೆಗೆ ನಾವು ವಿಚಾರಿಸಿದಾಗ, ಅವರು ಮರೆತೇಬಿಟ್ಟಿದ್ದ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿ 12,000 ರೂಪಾಯಿ ಹಾಗೆಯೇ ಕುಳಿತಿತ್ತು. ಪಾಸ್‌ಬುಕ್ ಪ್ರಿಂಟ್ ಹಾಕಿಸಿದಾಗ ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಅವರು ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ. ವ್ಯವಹಾರವೇ ಇಲ್ಲದೆ ಎರಡು ವರ್ಷ ಬಿಟ್ಟ ಖಾತೆ ನಿಷ್ಕ್ರಿಯವಾಗುತ್ತದೆ. ಆಗೀಗ ನೂರು ರೂಪಾಯಿಯಾದರೂ ಹಾಕಿ ತೆಗೆಯುತ್ತಿರಿ.

ನಾಲ್ಕು ವರ್ಷವೂ ಉಳಿಸಿಕೊಳ್ಳುವುದು

ಹತ್ತು, ಪ್ರಥಮ ಪಿಯುಸಿ, ದ್ವಿತೀಯ ಪಿಯುಸಿ, ಈ ಮೂರೂ ವರ್ಷ ಎನ್‌ಎಸ್‌ಪಿಯಲ್ಲಿ ಅರ್ಜಿಯನ್ನು ನವೀಕರಿಸಬೇಕು. ಒಂಬತ್ತರಿಂದ ಹತ್ತಕ್ಕೆ ಮತ್ತು ಪ್ರಥಮದಿಂದ ದ್ವಿತೀಯ ಪಿಯುಸಿಗೆ ಮೊದಲ ಪ್ರಯತ್ನದಲ್ಲೇ ತೇರ್ಗಡೆಯಾಗಿರಬೇಕು. ಹತ್ತನೇ ತರಗತಿಯಲ್ಲಿ ಶೇ. 60 ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 55. ಎಸ್‌ಎಸ್‌ಎಲ್‌ಸಿಯ 625ರಲ್ಲಿ ಇದು ಕ್ರಮವಾಗಿ 375 ಮತ್ತು 344 ಅಂಕ. ಈ ಸಂಖ್ಯೆಯನ್ನು ಮಗುವಿಗೆ ಒಂಬತ್ತನೇ ತರಗತಿಯಲ್ಲೇ ಹೇಳಿಬಿಡಿ.

ಅತಿ ಹೆಚ್ಚು ನಷ್ಟವಾಗುವುದು ಪಿಯುಸಿಗೆ ಸೇರುವಾಗ. ಎಸ್‌ಎಸ್‌ಎಲ್‌ಸಿಯಲ್ಲಿ ಒಳ್ಳೆಯ ಅಂಕ ಬಂದ ಮಗುವನ್ನು ಖಾಸಗಿ ಕಾಲೇಜಿನವರು ರಿಯಾಯಿತಿ ಕೊಟ್ಟು ಕರೆಯುತ್ತಾರೆ. ಅನುದಾನರಹಿತ ಕಾಲೇಜಿಗೆ ಸೇರಿದರೆ ಎನ್‌ಎಂಎಂಎಸ್ ಅಲ್ಲಿಗೆ ನಿಲ್ಲುತ್ತದೆ. ಐಟಿಐ, ಡಿಪ್ಲೊಮಾ ಸೇರಿದರೂ ಮುಂದುವರಿಯುವುದಿಲ್ಲ. ಸರ್ಕಾರಿ ಅಥವಾ ಅನುದಾನಿತ ಪದವಿಪೂರ್ವ ಕಾಲೇಜಿಗೆ ಸೇರಿದವರು ಮಾತ್ರ ಉಳಿದ 24,000 ರೂಪಾಯಿಗೆ ಅರ್ಹರು. ಬೇರೆ ದಾರಿಯೇ ಮಗುವಿಗೆ ಒಳ್ಳೆಯದೆಂದು ಕುಟುಂಬ ನಿರ್ಧರಿಸಿದರೆ ಅದು ಅವರ ಹಕ್ಕು. ಆದರೆ ಈ ಲೆಕ್ಕ ಗೊತ್ತಿದ್ದು ನಿರ್ಧರಿಸಬೇಕು. ಕಾಲೇಜಿಗೆ ಸೇರಿದ ವಾರದಲ್ಲೇ ಅಲ್ಲಿನ ಕಚೇರಿಗೆ ಹೋಗಿ, ಕಾಲೇಜು ಎನ್‌ಎಸ್‌ಪಿಯಲ್ಲಿ ನೋಂದಣಿಯಾಗಿದೆಯೇ, ಪರಿಶೀಲಿಸುವ ನೋಡಲ್ ಅಧಿಕಾರಿ ಯಾರು ಎಂದು ಕೇಳಿ ಬರೆದುಕೊಳ್ಳಿ. ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕರು ನೆನಪಿಸುತ್ತಿದ್ದ ಕೆಲಸವನ್ನು ಕಾಲೇಜಿನಲ್ಲಿ ಯಾರೂ ನೆನಪಿಸದೆ ಇರಬಹುದು. ಒಟಿಆರ್ ಸಂಖ್ಯೆ, ಪಾಸ್‌ವರ್ಡ್ ಮತ್ತು ನೋಂದಾಯಿಸಿದ ಮೊಬೈಲ್ ಸಂಖ್ಯೆಯನ್ನು ಪಾಸ್‌ಬುಕ್ಕಿನ ಜೊತೆಗಿಡುವ ಒಂದು ಚೀಟಿಯಲ್ಲಿ ಬರೆದಿಡಿ. ರೀಚಾರ್ಜ್ ಮಾಡಿಸದೆ ಆ ಸಿಮ್ ಬಂದ್ ಆದರೆ ನವೀಕರಣದ ಒಟಿಪಿ ಬರುವುದಿಲ್ಲ. ಆದ್ದರಿಂದ ದ್ವಿತೀಯ ಪಿಯುಸಿಯ ಕೊನೆಯ ಕಂತು ಖಾತೆಗೆ ಬೀಳುವವರೆಗೆ ಅದೇ ಸಂಖ್ಯೆಯನ್ನು ಉಳಿಸಿಕೊಳ್ಳಿ.